ಪಟ್ಟದ ಆವು ಮೂಸಿದ ಸ್ವೆಟರ್

ನನ್ನ ಬಾಯಿ ಸುಮ್ನಿರೋ ಬಾಯಲ್ಲ. ಕಂಬಂ ಪೇಟೇಲಿ ಯಾರನ್ನ ಬೇಕಾದ್ರೂ ಕೇಳಿ ನೋಡಿ, ಪಾಂಡಿಯಮ್ಮಾಳ್ ಬಸ್ ಹತ್ತಿದ್ರೆ ಕಂಡಕ್ಟರು ಟಿಕೆಟ್ ಕೊಡೋದು ಮರೀತಾನೆ ಅಂತಾರೆ. ಅಂಥ ಬಾಯಿ ಒಂದು ಮಾತನ್ನ ಹತ್ತು ವರ್ಷ ಒಳಗಿಟ್ಕೊಂಡಿತ್ತು. ಆಮೇಲೆ ಇನ್ನೊಂದು ಮಾತನ್ನ ಹನ್ನೊಂದು ದಿವಸ ಇಟ್ಕೊಂಡಿತ್ತು. ಹತ್ತು ವರ್ಷ ಹೆಂಗೋ ಕಳೀತು. ಆ ಹನ್ನೊಂದು ದಿವಸ ಕಳೆಯೋದ್ರೊಳಗೆ ನನ್ನ ಪ್ರಾಣ ಹೋಗಿ ಬಂತು.

ನನ್ನ ತಮ್ಮ ದುರೈ ಎಮ್ಮೆಲ್ಲೆ. ಎರಡು ಸಲ ಗೆದ್ದವನು. ಅದಕ್ಕೂ ಮುಂಚೆ ಪಟ್ಟಾಳದಲ್ಲಿ, ಅಂದ್ರೆ ಮಿಲಿಟರೀಲಿ ಇದ್ದ, ಇಪ್ಪತ್ತನಾಲ್ಕು ವರ್ಷ, ಸುಬೇದಾರ್ ಆಗಿ ಪೆನ್ಷನ್ ತಗೊಂಡು ಬಂದ. ನಮ್ಮವ್ವ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಹತ್ತು. ನನ್ನ ಸೊಂಟದ ಮೇಲೇ ಬೆಳೆದವನು. ಅದನ್ನ ಮೊದಲೇ ಹೇಳ್ಬಿಡ್ತೀನಿ. ಯಾಕಂದ್ರೆ ನಾನು ಮಾಡಿದ್ದಕ್ಕೆ ಬೇರೆ ಕಾರಣ ಏನೂ ಇಲ್ಲ, ಹುಡುಕಬೇಡಿ.

ನಮ್ಮ ಜನ ಕನ್ನಡ ನಾಡಿಂದ ಈ ತಮಿಳು ಸೀಮೆಗೆ ಬಂದು ಎಷ್ಟು ತಲೆಮಾರು ಆಯ್ತೋ ಯಾರಿಗೂ ಗೊತ್ತಿಲ್ಲ. ಬರುವಾಗ ದೇವರ ಹಿಂಡು ಹೊಡ್ಕೊಂಡು ಬಂದ್ರಂತೆ. ಆ ಹಿಂಡು ಇವತ್ತಿಗೂ ಇದೆ. ದೇವರ ಆವು ಅಂತೀವಿ. ಅವನ್ನ ಮಾರೋ ಹಾಗಿಲ್ಲ, ನೊಗಕ್ಕೆ ಕಟ್ಟೋ ಹಾಗಿಲ್ಲ, ಹಾಲು ಕರೆಯೋ ಹಾಗಿಲ್ಲ. ಹಿಂಡು ಮಲಗೋ ದೊಡ್ಡಿಗೆ ತೊಳು ಅನ್ನೋದು. ತೊಳುವಿನ ಸುತ್ತ ಒಂದು ಹಗ್ಗ ಕಟ್ಟಿದೆ. ಹಗ್ಗದೊಳಗೆ ಚಪ್ಪಲಿ ಹಾಕಬಾರದು, ಸುಳ್ಳು ಹೇಳಬಾರದು. ತಪ್ಪು ಮಾಡಿದವನು ಸಾಯೋ ತನಕ ಆ ಹಗ್ಗ ದಾಟಬಾರದು. ನಮ್ಮಲ್ಲಿ ಯಾರು ಸತ್ತರೂ ತೊಳುವಿನ ಮಣ್ಣು ಒಂದು ಚಿಟಿಕೆ ಹಣೆಗಿಟ್ಟು ಎತ್ತುತಾರೆ. ಹಗ್ಗದ ಆಚೆ ನಿಂತವನಿಗೆ ಮಾತ್ರ ಆ ಮಣ್ಣು ಇಲ್ಲ. ಭಿಕ್ಷೆ ಬೇಡಿದವನಿಗೂ ಸಿಗುತ್ತೆ, ಅವನಿಗೆ ಸಿಗಲ್ಲ.

ತೊಳು ಗುಡಿಸೋದು ಹೆಂಗಸರ ಪಾಳಿ. ನನ್ನ ಗಂಡ ಹೋದಮೇಲೆ ನಾನು ಎಲ್ಲರ ಪಾಳಿನೂ ತಗೊಂಡೆ. ಬೆಳಗ್ಗೆ ಐದಕ್ಕೆ ಪೊರಕೆ ಹಿಡ್ಕೊಂಡು ಹೋದ್ರೆ ಹಿಂಡು ಮೇಯೋಕೆ ಹೊರಡೋ ತನಕ ಅಲ್ಲೇ. ದನದ ಜೊತೆ ನಾನು ಎಷ್ಟು ಮಾತಾಡಿದ್ರೂ ಅವು ಬೇಜಾರು ಮಾಡ್ಕೊಳ್ಳಲ್ಲ.

ಹತ್ತು ವರ್ಷದ ಹಿಂದೆ ಎಲೆಕ್ಷನ್ ಬಂತಲ್ಲ, ಆವಾಗ ಒಂದು ಪಾರ್ಟಿಯವರು ಹೇಳಿ ಕಳಿಸಿದ್ರು. ಈ ಸಲ ನಿಮ್ಮ ಜನಕ್ಕೆ ಸೀಟು ಕೊಡ್ತೀವಿ, ಆದ್ರೆ ಒಬ್ಬನ ಹೆಸರು ಹೇಳಿ, ಇಬ್ಬರು ಬಂದ್ರೆ ಬೇರೆ ಜನಕ್ಕೆ ಕೊಡ್ತೀವಿ ಅಂತ. ನಮ್ಮಲ್ಲಿ ಇಬ್ಬರಿದ್ದರು. ಒಬ್ಬ ಮನೋಜ್‌ಕುಮಾರ್, ದ್ರಾಕ್ಷಿ ವ್ಯಾಪಾರ, ಓದಿದ ಹುಡುಗ, ಕೈ ಬಾಯಿ ಎರಡೂ ಚೊಕ್ಕ. ಇನ್ನೊಬ್ಬ ದುರೈ. ಅವನು ತಾನಾಗಿ ಕೇಳಲಿಲ್ಲ. ಪಟ್ಟಾಳದವನು, ಶಿಸ್ತಿನವನು ಅಂತ ಅರ್ಧ ಊರು ಅವನ ಹೆಸರು ಹಿಡೀತು. ಅವನು ಮಾರ್ಕಯನ್‌ಕೋಟ್ಟೈ ತೋಟದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದ. ಬೆಳಗ್ಗೆ ಕೂತ್ರೆ ಸಂಜೆ. ಕೇಳಿದ್ರೆ 'ಏನಿಲ್ಲಕ್ಕಾ' ಅನ್ನೋನು. ಅವನನ್ನ ಹಂಗೆ ನೋಡಿ ನೋಡಿ ನನಗೆ ಅನ್ನ ಸೇರ್ತಿರಲಿಲ್ಲ.

ಗಂಡಸರು ಒಂದು ತಿಂಗಳು ಕಚ್ಚಾಡಿದ್ರು. ಅಣ್ಣ ತಮ್ಮಂದಿರ ಮಧ್ಯೆ ಮಾತು ನಿಂತುಹೋಯ್ತು. ಕೊನೆಗೆ ತೊಳುವಿನ ಹಿರಿಯ ಅಯ್ಯಾವು ತಾತ ಒಂದು ದಾರಿ ಹೇಳಿದ್ರು. ನಮ್ಮ ಹಿಂಡಿಗೆ ಒಂದು ಅರಸು ಹೋರಿ ಇರುತ್ತೆ, ಪಟ್ಟದ ಆವು ಅಂತ. ಹಳೇದು ತೀರಿಕೊಂಡರೆ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಟ್ಟು ಕಾಯ್ತೀವಿ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತೋ ಅದಕ್ಕೆ ಅರಿಶಿನ ಹಚ್ಚಿ ಪಟ್ಟ ಕಟ್ತೀವಿ. ಅದು ದೇವರು ಆರಿಸಿದ್ದು, ಅದರ ಮೇಲೆ ಮಾತಿಲ್ಲ. ತಾತ ಅಂದ್ರು, "ಇಬ್ಬರೂ ಕೈಯಲ್ಲಿ ಕಬ್ಬು ಹಿಡ್ಕೊಂಡು ನಿಲ್ಲಲಿ. ಪಟ್ಟದ ಆವು ಯಾರ ಹತ್ರ ಹೋಗುತ್ತೋ ಅವನು ನಮ್ಮವನು. ಇನ್ನೊಬ್ಬ ಅವನಿಗೆ ಕೆಲಸ ಮಾಡಬೇಕು."

ಎಲ್ಲರೂ ಒಪ್ಪಿದ್ರು. ಓದಿದವರೂ ಒಪ್ಪಿದ್ರು, ಅದೇ ನನಗೆ ಆಶ್ಚರ್ಯ. ಸರ್ಕಾರ ನಡೆಸೋಕೆ ಹೋಗೋನನ್ನ ದನದ ಬಾಯಿಗೆ ಬಿಟ್ಟರಲ್ಲ ಅಂತ ನಾನು ಮನಸ್ಸಲ್ಲೇ ನಕ್ಕೆ. ತೈ ತಿಂಗಳ ಕೊನೇಗೆ ದಿವಸ ಇಟ್ಟರು. ಇಪ್ಪತ್ತೆರಡು ದಿವಸ ಇತ್ತು.

ಮಾರನೇ ಬೆಳಗ್ಗೆ ಚಳಿಗೆ ದುರೈದು ಹಳೇ ಪಟ್ಟಾಳದ ಸ್ವೆಟರ್ ಹಾಕ್ಕೊಂಡು ತೊಳುವಿಗೆ ಹೋದೆ. ಹಸಿರು ಬಣ್ಣ, ಮೊಣಕೈಯಲ್ಲಿ ತೇಪೆ. ಸೆರಗಲ್ಲಿ ಒಂದು ತುಂಡು ಕಬ್ಬು, ಅದಕ್ಕೆ ಸವರಿದ ಕಲ್ಲುಪ್ಪು. ಉಪ್ಪು ಅಂದ್ರೆ ದನಕ್ಕೆ ಜೀವ. ಪಟ್ಟದ ಆವು ತಿಂತು, ಸ್ವೆಟರಿನ ತೋಳು ನೆಕ್ಕಿತು. ಮಾರನೇ ದಿವಸವೂ ಅಷ್ಟೇ. ಒಂದು ವಾರಕ್ಕೆ ಆ ಸ್ವೆಟರ್ ಕಂಡ್ರೆ ಎದ್ದು ಬರೋಕೆ ಶುರು ಮಾಡ್ತು. ಇಪ್ಪತ್ತೊಂದು ದಿವಸ ತಪ್ಪದೆ ಕೊಟ್ಟೆ. ಒಬ್ಬರಿಗೂ ಅನುಮಾನ ಬರಲಿಲ್ಲ. ಗಂಡ ಸತ್ತ ಹೆಂಗಸು ತಮ್ಮನ ಸ್ವೆಟರ್ ಹಾಕ್ಕೊಂಡು ದನಕ್ಕೆ ಕಬ್ಬು ಕೊಟ್ರೆ ಯಾರು ನೋಡ್ತಾರೆ? ಹಗ್ಗದೊಳಗೆ ಸುಳ್ಳು ಹೇಳಬಾರದು ಅನ್ನೋದು ಕಟ್ಟು. ನಾನು ಸುಳ್ಳು ಹೇಳಲಿಲ್ಲ, ಏನೂ ಹೇಳಲೇ ಇಲ್ಲ. ಹಂಗಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ.

ಆ ದಿವಸ ಬೆಳಗ್ಗೆ ದುರೈ ಬಿಳಿ ಅಂಗಿ ಹಾಕ್ಕೊಂಡು ಬಂದ. ನಾನು ಸ್ವೆಟರ್ ಕೈಗೆ ಕೊಟ್ಟೆ. "ಮಂಜು ಬಿದ್ದಿದೆ, ಹಾಕ್ಕೊ."

"ಸಿಯಾಚಿನ್‌ನಲ್ಲಿ ಇದ್ದು ಬಂದವನಿಗೆ ಕಂಬಂ ಮಂಜಾ, ಅಕ್ಕಾ?"

"ಸಿಯಾಚಿನ್‌ನಲ್ಲಿ ನಿನಗೆ ಅಕ್ಕ ಇರಲಿಲ್ಲ. ಹಾಕ್ಕೊ ಅಂದ್ರೆ ಹಾಕ್ಕೊ."

ಹಾಕ್ಕೊಂಡ. ಪಾಪ, ನನ್ನ ಮಾತು ಅವನು ಯಾವತ್ತೂ ಮೀರಿದವನಲ್ಲ. ಪಟ್ಟದ ಆವು ಎದ್ದು ನಿಂತು ಸುತ್ತ ನೋಡ್ತು. ಮನೋಜ್‌ಕುಮಾರ್ ಕೈಲಿದ್ದ ಕಬ್ಬನ್ನ ದಾಟಿ ನೆಟ್ಟಗೆ ದುರೈ ಹತ್ರ ಬಂತು. ಕಬ್ಬಿಗೂ ಬಾಯಿ ಹಾಕಲಿಲ್ಲ ಮೊದಲು. ತೋಳಿಂದ ಅಂಗೈ ತನಕ ಮೂಸಿತು, ನೆಕ್ಕಿತು, ಆಮೇಲೆ ಕಬ್ಬು ಕಡೀತು. ಹೆಂಗಸರು ನಾಲಿಗೆ ಆಡಿಸಿ ಕುಲವೆ ಹಾಕಿದ್ರು. ಮನೋಜ್‌ಕುಮಾರ್ ತನ್ನ ಕಬ್ಬು ಕೆಳಗಿಟ್ಟು ಮೊದಲು ಬಂದು ದುರೈ ಕೈ ಹಿಡಿದ. "ಆವು ಹೇಳಿಬಿಡ್ತು ಮಾಮಾ, ಇನ್ನು ನಾನು ನಿಮ್ಮವನು" ಅಂದ. ಆ ಹುಡುಗನ ಮುಖ ನೋಡೋಕೆ ನನ್ನ ಕೈಲಿ ಆಗಲಿಲ್ಲ. ಹತ್ತು ವರ್ಷ ಅವನು ಆ ಮಾತಿಗೆ ತಪ್ಪಲಿಲ್ಲ. ಎರಡು ಎಲೆಕ್ಷನ್‌ನಲ್ಲೂ ಬೂತ್ ಬೂತಿಗೆ ಓಡಾಡಿದ.

ದುರೈ ಗೆದ್ದ. ಗೆದ್ದವನು ನಮ್ಮ ಕಡೆ ಎಮ್ಮೆಲ್ಲೆಗಳ ಹಂಗೆ ಇರಲಿಲ್ಲ. ಅವನ ಮನೆ ಬಾಗಿಲಲ್ಲಿ ಅರ್ಜಿ ಕೊಡೋರು ಸಾಲಾಗಿ ನಿಲ್ಲಬೇಕು, ಕಲೆಕ್ಟರ್ ಕಡೆಯವರು ಬಂದ್ರೂ ಸಾಲಲ್ಲೇ. ಅರ್ಜಿ ಮೇಲೆ ಪಟ್ಟಾಳದ ಗಂಟೆ ಬರೆದು ಕೊಡೋನು. ಹದಿನಾಲ್ಕು ಮೂವತ್ತಕ್ಕೆ ಬನ್ನಿ ಅಂತ. ಮುದುಕಿಯರು ನನ್ನ ಹತ್ರ ಬಂದು, ಪಾಂಡಿ, ನಿನ್ನ ತಮ್ಮನ ಗಡಿಯಾರದಲ್ಲಿ ಎಷ್ಟು ಗಂಟೆ ಇದೆ ಅಂತ ಕೇಳೋರು. ಶಾಲು ಹೊದಿಸಿದ್ರೆ ಮಡಿಸಿ ವಾಪಸ್ ಕೊಡೋನು. ನೀರಿನ ಇಲಾಖೆ ಇಂಜಿನಿಯರನ್ನ ಜೀಪಿಂದ ಇಳಿಸಿ ಕಾಲುವೆ ಉದ್ದಕ್ಕೂ ಒಂಬತ್ತು ಮೈಲಿ ನಡೆಸಿದ. ಆ ಮನುಷ್ಯನ ಕಾಲಲ್ಲಿ ಬೊಬ್ಬೆ ಎದ್ದವು, ಆದ್ರೆ ಆ ವರ್ಷ ಕಡೇ ಗದ್ದೆಗೂ ನೀರು ಬಂತು.

ಅದಕ್ಕಿಂತ ದೊಡ್ಡದು ಒಂದು ನಡೀತು. ಅವನ ಪಾರ್ಟಿಯ ಮಂತ್ರಿಯೇ ವಿಧಾನಸಭೆಯಲ್ಲಿ ಎದ್ದು, ಆ ಕಾಲುವೆಗೆ ಸಿಮೆಂಟ್ ಹಾಕಿ ಮುಗೀತು ಅಂದ. ನನ್ನ ತಮ್ಮ ಎದ್ದು ನಿಂತು, "ಮುಗಿದಿಲ್ಲ. ನಾನು ನಿನ್ನೆ ಅದರೊಳಗೆ ನಡೆದು ಬಂದೆ, ಕಾಲಿಗೆ ಕೆಸರಿದೆ" ಅಂದ. ಟಿವಿಯಲ್ಲಿ ಬಂತು. ನಾನು ತಲೆ ಮೇಲೆ ಕೈ ಇಟ್ಟೆ. ಇವನ ಕಥೆ ಮುಗೀತು ಅಂತ ಊರೆಲ್ಲ ಅಂದ್ಕೊಂಡ್ರು. ಪಾರ್ಟಿಯವರು ಹಲ್ಲು ಕಡಿದ್ರು, ಆದ್ರೆ ಎರಡನೇ ಸಲ ಸೀಟು ಕೊಡದೆ ಇರೋಕೆ ಆಗಲಿಲ್ಲ. ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ ಅಂತಾರಲ್ಲ, ಹಂಗೆ ಅವನದ್ದೇ ದಾರಿ, ಅವನು ಹೋದಲ್ಲಿಗೆ ಜನ ಹಿಂದೆ ಹೋದ್ರು. ನಾನು ಆ ಕಲ್ಲುಪ್ಪಿನ ವಿಷಯ ಮರೆತೇ ಬಿಟ್ಟಿದ್ದೆ ಅಂದ್ರೂ ನಡೆಯುತ್ತೆ. ಆ ಪಟ್ಟದ ಆವು ಸತ್ತು ಬೇರೆ ಹೋರಿಗೆ ಪಟ್ಟ ಕಟ್ಟಿದ್ದೂ ಆಗಿತ್ತು.

ಈ ವರ್ಷ ಮೂರನೇ ಎಲೆಕ್ಷನ್. ಮಾಸಿ ತಿಂಗಳಲ್ಲಿ ದಿಂಡಿಗಲ್‌ನಲ್ಲಿ ಪಾರ್ಟಿ ಮೀಟಿಂಗ್ ಇತ್ತು. ದುರೈ ಮೈಕ್ ಮುಂದೆ ಮಾತಾಡ್ತಾ ಮಾತಾಡ್ತಾ ಕುಸಿದ. ಫೋನ್ ಬಂದಾಗ ನಾನು ಅನ್ನ ಬಸೀತಿದ್ದೆ, ಹಂಗೇ ಬಿಟ್ಟು ಬಸ್ ಹತ್ತಿದೆ. ಆಸ್ಪತ್ರೆಯಲ್ಲಿ ಅವನ ಹೆಂಡತಿ ಕಲೈಸೆಲ್ವಿ ಬೆಂಚಿನ ಮೇಲೆ ಕೂತಿದ್ದಳು. ಸ್ಕೂಲಲ್ಲಿ ಹೆಡ್‌ಮಿಸ್ ಆಗಿದ್ದವಳು, ಅಷ್ಟು ಸುಲಭಕ್ಕೆ ಅಳೋಳಲ್ಲ. ಅವತ್ತು ಮೂಗು ಒರೆಸ್ಕೊಂಡು ಒರೆಸ್ಕೊಂಡು ಕೆಂಪಾಗಿತ್ತು.

ಡಾಕ್ಟರಮ್ಮ ನಮ್ಮಿಬ್ಬರನ್ನ ಕರೆದು ತಮಿಳಲ್ಲಿ ಬಿಡಿಸಿ ಹೇಳಿದ್ರು. ಎದೆ ಕಾಲು ಭಾಗ ಮಾತ್ರ ಕೆಲಸ ಮಾಡ್ತಿದೆ. ಮಾತ್ರೆ ತಗೊಂಡು, ನಿಧಾನಕ್ಕೆ ನಡ್ಕೊಂಡು, ಮನೆಯಲ್ಲಿದ್ರೆ ಇನ್ನೂ ಹತ್ತು ವರ್ಷ ಇರ್ತಾರೆ. ಚಿತ್ತಿರೈ ಬಿಸಿಲಲ್ಲಿ ಜೀಪ್ ಮೇಲೆ ನಿಂತು ಓಟು ಕೇಳಿದ್ರೆ ಎಲೆಕ್ಷನ್ ದಿವಸ ನೋಡಲ್ಲ. ಆಯಮ್ಮ ಇದನ್ನ ಹೇಳಿ ನೀರು ಕುಡಿದ್ರು.

ಒಳಗೆ ಹೋಗಿ ನೋಡಿದ್ರೆ ಇವನು ದಿಂಬಿಗೆ ಒರಗಿ ಪ್ರಚಾರದ ಪಟ್ಟಿ ಓದ್ತಿದ್ದಾನೆ. ಮೊದಲ ದಿವಸ ಚಿನ್ನಮನೂರು, ಎರಡನೇ ದಿವಸ ಗೂಡಲೂರು. ಪಟ್ಟಿ ಕಿತ್ಕೊಂಡೆ. "ಯಾರಪ್ಪ ನಿನ್ನ ಬಲವಂತ ಮಾಡಿದ್ದು? ಎರಡು ಸಲ ಸಾಲದಾ? ಮನೋಜ್ ಇಲ್ವಾ? ಅವನು ನಿಲ್ಲಲಿ."

"ನನ್ನ ಬದಲಿಗೆ ಇನ್ನೊಬ್ಬನ್ನ ನಿಲ್ಲಿಸೋಕೆ ನಾನು ಯಾರಕ್ಕಾ? ಆವು ನನ್ನ ಕರೀತು. ಆವು ಬಿಡಬೇಕು, ಇಲ್ಲಾ ಸಾವು ಬಿಡಿಸಬೇಕು."

ತಮಾಷೆಗೆ ಅಂತಿದ್ದಾನೆ ಅಂದ್ಕೊಂಡೆ. ಅವನು ಕಲೈಸೆಲ್ವಿಗೆ ಬ್ಯಾಗ್ ತಗೊಡು ಅಂದ. ಬ್ಯಾಗಲ್ಲಿ ಆ ಸ್ವೆಟರ್ ಇತ್ತು, ಒಗೆದು ಮಡಿಸಿ ಪ್ಲಾಸ್ಟಿಕ್ ಕವರಲ್ಲಿಟ್ಟಿದ್ದ. ಸಭೆಗೆ ಹೋಗುವಾಗಲೂ ನಾಮಿನೇಷನ್‌ಗೂ ಜೊತೇಲೇ ಇಟ್ಕೊಂಡು ಹೋಗ್ತಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ.

"ನಿನಗೊಂದು ಮಾತು ಹೇಳಿಲ್ಲಕ್ಕಾ" ಅಂದ. "ಪಟ್ಟಾಳದಲ್ಲಿ ಒಂದು ಸಲ, ಮಂಜಿನ ಗುಡ್ಡದಲ್ಲಿ, ಮೇಲಿಂದ ಗುಂಡು ಬರ್ತಿತ್ತು. ನನ್ನ ಕೆಳಗಿದ್ದ ಮೂರು ಹುಡುಗರು ಎದ್ದು ಮುಂದೆ ಹೋದ್ರು. ನನ್ನ ಕಾಲು ಏಳಲಿಲ್ಲ. ಕಲ್ಲಿನ ಹಿಂದೆ ಕೂತೇ ಇದ್ದೆ. ಅವರಲ್ಲಿ ಒಬ್ಬ ವಾಪಸ್ ಬರಲಿಲ್ಲ. ಮಂಜಲ್ಲಿ ಯಾರೂ ನನ್ನ ನೋಡಲಿಲ್ಲ, ಯಾರೂ ಕೇಳಲಿಲ್ಲ. ಊರಿಗೆ ಬಂದು ದ್ರಾಕ್ಷಿ ಚಪ್ಪರದ ಕೆಳಗೆ ಕೂತಿದ್ನಲ್ಲ, ಆ ಕಲ್ಲಿನ ಹಿಂದೆನೇ ಕೂತಿದ್ದೆ. ಆ ದಿವಸ ಆವು ಬಂದು ನನ್ನ ಕೈ ಮೂಸಿತು. ದೇವರಿಗೆ ಎಲ್ಲ ಗೊತ್ತು, ಗೊತ್ತಿದ್ದೂ ನನ್ನ ಹತ್ರ ಬಂತು ಅಂತ ಆವತ್ತು ಎದ್ದೆ. ಆ ಮಂತ್ರಿ ಮುಂದೆ ಎದ್ದು ನಿಂತಾಗ ಈ ಸ್ವೆಟರ್ ಕಾಲ ಹತ್ರ ಬ್ಯಾಗಲ್ಲಿತ್ತು."

ಹತ್ತು ವರ್ಷ ಈ ಪಟ್ಟಾಳದ ಮನುಷ್ಯ ಅದನ್ನ ಏನೋ ಅದೃಷ್ಟ ಅಂತ ತಗೊಂಡಿದ್ದಾನೆ ಅಂದ್ಕೊಂಡಿದ್ದೆ. ನಾನು ಕೊಟ್ಟ ಕಲ್ಲುಪ್ಪಿನ ಮೇಲೆ ಅವನು ತನ್ನ ಜೀವನವನ್ನೇ ನಿಲ್ಲಿಸ್ಕೊಂಡಿದ್ದ. ಹೇಳಿದ್ರೆ ಅವನು ಒಡೆದು ಹೋಗ್ತಾನೆ. ಹೇಳದಿದ್ರೆ ಜೀಪ್ ಹತ್ತಿ ಸಾಯ್ತಾನೆ. ದಿಂಡಿಗಲ್ ಬಸ್‌ಸ್ಟ್ಯಾಂಡಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಮೂರು ಕಂಬಂ ಬಸ್ಸು ಕಣ್ಮುಂದೆನೇ ಹೋದವು.

ನಾಲ್ಕು ದಿವಸಕ್ಕೆ ಮಾರ್ಕಯನ್‌ಕೋಟ್ಟೈ ಮನೆಗೆ ಕಳಿಸಿದ್ರು. ನಾಮಿನೇಷನ್‌ಗೆ ಕೊನೇ ದಿವಸ ಇನ್ನು ಹನ್ನೆರಡು ದಿವಸ ಇತ್ತು. ಬೆಳಗ್ಗೆ ಹೋದೆ. ಚಪ್ಪರದ ಕೆಳಗೆ ಅದೇ ಕುರ್ಚಿಯಲ್ಲಿ ಕೂತಿದ್ದ. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. "ಆವು ನಿನ್ನ ಕರೀಲಿಲ್ಲ ಕಣೋ. ಉಪ್ಪು ಕರೀತು. ಕೊಟ್ಟಿದ್ದು ನಾನು."

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. "ಎಷ್ಟು ದಿವಸ?"

"ಇಪ್ಪತ್ತೊಂದು."

"ಎಷ್ಟು ಗಂಟೆಗೆ?"

"ಐದಕ್ಕೆ."

"ಸ್ವೆಟರ್ ಹಾಕ್ಕೊಂಡು?"

"ಹಾಕ್ಕೊಂಡು."

"ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

ಯಾವುದೋ ಸಿಪಾಯಿ ಹತ್ರ ವರದಿ ತಗೊಳ್ಳೋ ಹಾಗೆ ಕೇಳಿದ. ಮುಖದಲ್ಲಿ ಮಾತ್ರ ಬಣ್ಣ ಇರಲಿಲ್ಲ. ಅವನಿಗೆ ಅಲ್ಲೇ ಏನಾದ್ರೂ ಆಗುತ್ತೇನೋ ಅಂತ ನನಗೆ ಜೀವವೇ ಹೋಯ್ತು. ಆಮೇಲೆ ಒಂದೇ ಒಂದು ಮಾತು ಕೇಳಿದ. "ಹಾಗಾದ್ರೆ ಆ ಮಂತ್ರಿ ಮುಂದೆ ಎದ್ದು ನಿಂತವನು ಯಾರಕ್ಕಾ?"

"ನೀನೇ ಕಣೋ. ಇನ್ಯಾರು?"

ತಿರುಗಿ ನೋಡಿದ್ರೆ ಕಲೈಸೆಲ್ವಿ ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸ್ಕೊಂಡಿದ್ದಳು. ಕಾಫಿ ಕೈಮೇಲೆ ಚೆಲ್ಲಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ.

ಮಾರನೇ ದಿವಸ ಬೆಳಗ್ಗೆ ತೊಳುವಿಗೆ ಬರೋಕೆ ಹಿರಿಯರಿಗೆಲ್ಲ ದುರೈ ಹೇಳಿ ಕಳಿಸಿದ. ನನಗೂ ಬಾ ಅಂದ. ನನ್ನ ಹೆಸರು ಹೇಳ್ತಾನೆ ಅಂತ ನಾನು ತಯಾರಾಗಿದ್ದೆ. ಹೇಳಲಿ, ಮಾಡಿದ್ದುಣ್ಣೋ ಮಾರಾಯ. ಹಗ್ಗದ ಆಚೆ ಹೋದ್ರೆ ಹೋದೆ, ನನ್ನ ತಮ್ಮ ಬದುಕಿದ್ರೆ ಸಾಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಪೊರಕೆ ಹಿಡ್ಕೊಂಡು ಹಗ್ಗದೊಳಗೆ ನಿಂತಿದ್ದೆ.

ಮೂವತ್ತು ನಲವತ್ತು ಜನ ಬಂದಿದ್ರು. ಅಯ್ಯಾವು ತಾತನನ್ನ ಹಿಡ್ಕೊಂಡು ಬಂದು ಕುರ್ಚಿ ಮೇಲೆ ಕೂರಿಸಿದ್ರು. ಮನೋಜ್‌ಕುಮಾರ್ ಮುಂದೆ ನಿಂತಿದ್ದ. ದುರೈ ಚಪ್ಪಲಿ ಬಿಟ್ಟು ಹಗ್ಗದ ತನಕ ಬಂದು ಆಚೇನೇ ನಿಂತ. ಒಳಗೆ ಬಾ ಅಂದ್ರೂ ಬರಲಿಲ್ಲ. ಬ್ಯಾಗಿಂದ ಸ್ವೆಟರ್ ತೆಗೆದು ನೆಲದ ಮೇಲೆ ಹಾಕಿದ.

"ಹತ್ತು ವರ್ಷದ ಹಿಂದೆ ಪಟ್ಟದ ಆವು ನನ್ನ ಆರಿಸಲಿಲ್ಲ" ಅಂದ. "ಈ ಸ್ವೆಟರ್ ಹಾಕ್ಕೊಂಡು ಇಪ್ಪತ್ತೊಂದು ದಿವಸ ಅದಕ್ಕೆ ಉಪ್ಪು ಸವರಿದ ಕಬ್ಬು ತಿನ್ನಿಸಿ ಅಭ್ಯಾಸ ಮಾಡಿಸಿದ್ದು. ಮಾಡಿದವನು ನಾನು. ಮನೋಜ್ ಸೀಟನ್ನ ಕದ್ದೆ. ಈ ಸಲ ನಿಲ್ಲಲ್ಲ. ತೊಳು ಏನು ಹೇಳುತ್ತೋ ಅದಕ್ಕೆ ತಲೆ ಬಾಗ್ತೀನಿ."

ನನ್ನ ಕೈಲಿದ್ದ ಪೊರಕೆ ಬಿತ್ತು. ಐದು ವರ್ಷದ ಹುಡುಗ ಆಗಿದ್ದಾಗ ಮಾವಿನಕಾಯಿ ಕದ್ದು ಬಂದ್ರೂ ಕದ್ದೆ ಅಂತ ಹೇಳಿಬಿಡ್ತಿದ್ದ. ಅವನ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು. ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಹಗ್ಗದ ಮೇಲಿಂದ ಕಲೈಸೆಲ್ವಿ ನನ್ನ ಮಣಿಕಟ್ಟು ಹಿಡಿದಳು. ಉಗುರು ಚುಚ್ಚೋ ಹಾಗೆ ಹಿಡಿದು ಕಿವಿಯಲ್ಲಿ ಹೇಳಿದಳು. "ಬೇಡ ಅತ್ತಿಗೆ. ನೀವು ಈಗ ಹೇಳಿದ್ರೆ ದುರೈಗೆ ಗೊತ್ತೇ ಇರಲಿಲ್ಲ, ಅಕ್ಕನ ತಪ್ಪು ತಲೆ ಮೇಲೆ ಹೊತ್ಕೊಂಡ ದೊಡ್ಡ ಮನುಷ್ಯ ಅಂತ ನಾಳೇನೇ ಇವರನ್ನ ಜೀಪ್ ಹತ್ತಿಸ್ತಾರೆ."

ಅವಳು ಹೇಳಿದ್ದು ನಿಜ. ನಮ್ಮ ಜನ ನನಗೆ ಗೊತ್ತಿಲ್ವಾ? ಮಾಲೆ ಹಾಕಿ ಹೊತ್ಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸಿ ಕೊಂದುಬಿಡ್ತಾರೆ. ಬಾಯಿ ಮುಚ್ಚಿದೆ.

ಮನೋಜ್‌ಕುಮಾರ್ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸ್ಕೊಂಡ, ಮತ್ತೆ ಹಾಕ್ಕೊಂಡ, ಮತ್ತೆ ತೆಗೆದ. ಅಯ್ಯಾವು ತಾತ "ಸುಬೇದಾರ್, ನೀನಾ" ಅಂತ ಎರಡು ಸಲ ಕೇಳಿದ್ರು. ಆಮೇಲೆ ಕಟ್ಟು ಏನಿದೆಯೋ ಅದನ್ನ ಹೇಳಿದ್ರು. ಇನ್ನು ದುರೈ ಹಗ್ಗ ದಾಟೋ ಹಾಗಿಲ್ಲ. ಸತ್ತಾಗ ಮಣ್ಣಿಲ್ಲ. ಕಾಲು ಭಾಗ ಎದೆ ಇಟ್ಕೊಂಡವನಿಗೆ ಹೇಳೋ ಮಾತಾ ಅದು? ಅವನು ಕೈ ಮುಗಿದ. ಹೋಗುವಾಗ ನನ್ನ ಹತ್ರ ಬಂದು ಮೆಲ್ಲಗೆ ಅಂದ, "ಅಕ್ಕಾ, ಬಾಯಿ ಬಿಡಬೇಡ. ಇದು ಆರ್ಡರ್."

ಆಮೇಲೆ ಹನ್ನೊಂದು ದಿವಸ. ಶೇರ್ ಆಟೋದಲ್ಲಿ ಕೂತ್ರೆ ಪಕ್ಕದಲ್ಲಿ ಕೂತವರು ಕಬ್ಬಿನ ಎಮ್ಮೆಲ್ಲೆ ಅಂತ ನಗೋರು. ಅವನ ಪೋಸ್ಟರ್‌ಗೆ ಸಗಣಿ ಬಡಿದ್ರು. ಕಡೇ ಗದ್ದೆಗೆ ನೀರು ಬಂತಲ್ಲ, ಆ ಗದ್ದೆಯವನೇ ಟೀ ಅಂಗಡಿಯಲ್ಲಿ, ಪಟ್ಟಾಳದವರೆಲ್ಲ ಹಂಗೆ, ಮೇಲೆ ಮಾತ್ರ ಇಸ್ತ್ರಿ ಅಂದ. ನಾನು ಅವನ ಮುಂದೆ ನಿಂತಿದ್ದೆ. ಟೀ ಕುಡಿದು ಲೋಟ ಇಟ್ಟು ಬಂದೆ. ಪಾಂಡಿಯಮ್ಮಾಳ್‌ಗೆ ಏನೋ ಆಗಿದೆ, ಮಾತೇ ಇಲ್ಲ, ತಮ್ಮನಿಂದ ತಲೆ ತಗ್ಗಿಸೋ ಹಾಗಾಯ್ತು ಪಾಪ ಅಂತ ಜನ ನನ್ನ ಮೇಲೆ ಕನಿಕರ ತೋರಿಸಿದ್ರು. ಕನಿಕರ ತಿಂದು ಜೀರ್ಣ ಮಾಡ್ಕೊಳ್ಳೋದು ಎಂಥ ಕಷ್ಟ ಅಂತ ಆಗ ಗೊತ್ತಾಯ್ತು.

ದುರೈ ಕಂಬಂನಲ್ಲೇ ನನ್ನ ಮನೆಗೆ ಬಂದು ಇದ್ದ. ಐದು ಗಂಟೆಗೆ ನಾನು ತೊಳುವಿಗೆ ಹೊರಟ್ರೆ ಅವನೂ ಹಿಂದೆ ಬರೋನು, ನಾಲ್ಕು ಹೆಜ್ಜೆಗೊಂದು ಸಲ ನಿಂತು ಉಸಿರು ತಗೊಂಡು. ನಾನು ಹಗ್ಗದೊಳಗೆ ಗುಡಿಸ್ತಿದ್ದೆ, ಅವನು ಹಗ್ಗದ ಆಚೆ ನಿಂತು ಹಿಂಡನ್ನ ನೋಡ್ತಿದ್ದ. ಎಳೇ ಕರು ಒಂದು ಅವನ ಕಡೆ ಹೋದ್ರೆ ಕೈ ಹಿಂದಕ್ಕೆ ಕಟ್ಕೊಳ್ಳೋನು. ಮುಟ್ಟಬಾರದು ಅಂತ ಕಟ್ಟಿಲ್ಲ. ಅವನೇ ಮುಟ್ತಿರಲಿಲ್ಲ.

ಮೂರನೇ ದಿವಸ ಗುಡಿಸ್ತಾ ಇದ್ದಾಗ ನನಗೆ ಹೊಳೀತು. ಅವತ್ತು ಅವನು ಒಳಗೆ ಬಾ ಅಂದ್ರೂ ಬರಲಿಲ್ಲ. ನಾಚಿಕೆ ಅಂದ್ಕೊಂಡಿದ್ವಿ ಎಲ್ಲರೂ. ಹಗ್ಗದೊಳಗೆ ಸುಳ್ಳು ಹೇಳಬಾರದು ಅಂತ ಅವನು ಆಚೆ ನಿಂತು ಹೇಳಿದ್ದ. ನಾನು ಹಗ್ಗದೊಳಗೆ ನಿಂತೇ ಇಪ್ಪತ್ತೊಂದು ದಿವಸ ಮೋಸ ಮಾಡಿದ್ದೆ. ಕಸದ ಗುಡ್ಡೆ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಅವನಿಗೆ ಕಾಣಿಸಬಾರದು ಅಂತ ಹಸುವಿನ ಹಿಂದೆ ಕೂತು ಅತ್ತೆ.

ಪಾರ್ಟಿಯವರು ಮನೋಜ್‌ಕುಮಾರ್‌ಗೆ ಸೀಟು ಕೊಟ್ಟರು. ನಾಮಿನೇಷನ್ ಕೊನೇ ದಿವಸ ಮಧ್ಯಾಹ್ನ ಮೂರು ಗಂಟೆಗೆ ಮುಗಿಯುತ್ತೆ. ನಾನು ಟೀ ಅಂಗಡಿ ಟಿವಿ ಮುಂದೆ ಎರಡು ಗಂಟೆಯಿಂದ ಕೂತಿದ್ದೆ. ಮೂರು ಹೊಡೀತು. ಮೂರು ಹತ್ತು ಆಗೋ ತನಕ ಕಾದೆ, ಸರ್ಕಾರದ ಗಡಿಯಾರ ನಂಬೋಕಾಗಲ್ಲ. ಇನ್ನು ಯಾವ ಅಪ್ಪನ ಮಗ ಬಂದ್ರೂ ನನ್ನ ತಮ್ಮನನ್ನ ನಿಲ್ಲಿಸೋಕೆ ಆಗಲ್ಲ ಅಂತ ಖಾತ್ರಿ ಆದಮೇಲೆ ಎದ್ದೆ.

ಮನೋಜ್‌ಕುಮಾರ್ ನಾಮಿನೇಷನ್ ಕೊಟ್ಟು ಸಂಜೆ ತೊಳುವಿಗೆ ಕೈ ಮುಗಿಯೋಕೆ ಬರ್ತಾನೆ ಅಂತ ಜನ ಸೇರಿದ್ರು. ಅಯ್ಯಾವು ತಾತನೂ ಇದ್ದರು. ದುರೈ ಹಗ್ಗದ ಆಚೆ, ದೂರದಲ್ಲಿ, ಬೇವಿನ ಮರದ ಕೆಳಗೆ. ನಾನು ಹಗ್ಗ ದಾಟಿ ಒಳಗೆ ಹೋಗಿ, ಪೊರಕೆ ಕೈಗೆ ತಗೊಂಡು, ಮೇಯ್ದು ಬಂದ ಹಿಂಡಿನ ನಡುವೆ ನಿಂತೆ. ಮನೋಜ್ ಬಂದ ತಕ್ಷಣ ಶುರು ಮಾಡಿದೆ. ಹನ್ನೊಂದು ದಿವಸ ಮುಚ್ಚಿಟ್ಟ ಬಾಯಿ, ನಿಲ್ಲುತ್ತಾ? ಸ್ವೆಟರ್ ಹಾಕ್ಕೊಂಡವಳು ನಾನು, ಉಪ್ಪು ಸವರಿದವಳು ನಾನು, ದುರೈಗೆ ಹನ್ನೆರಡು ದಿವಸದ ಹಿಂದಿನ ತನಕ ಗೊತ್ತೇ ಇರಲಿಲ್ಲ, ಹಗ್ಗದೊಳಗೆ ನಿಂತು ಹೇಳ್ತಿದ್ದೀನಿ, ಸುಳ್ಳಾದ್ರೆ ಈ ಹಿಂಡು ನನ್ನ ತುಳೀಲಿ ಅಂದೆ. ಮನೋಜ್ ಕಡೆ ತಿರುಗಿ, "ನಿನ್ನ ಹತ್ತು ವರ್ಷ ಕಿತ್ಕೊಂಡವಳು ನಾನಪ್ಪ, ಅವನಲ್ಲ" ಅಂದೆ.

ಮನೋಜ್ ಕುತ್ತಿಗೆಯ ಮಾಲೆ ತೆಗೆದು ಕೈಲಿ ಹಿಡ್ಕೊಂಡು ನನ್ನನ್ನ, ಮರದ ಕೆಳಗಿದ್ದ ದುರೈಯನ್ನ ನೋಡ್ತಾ ನಿಂತ. ಯಾರನ್ನ ಬೈಯಬೇಕು ಅಂತ ಗೊತ್ತಾಗದವನ ಹಾಗೆ. ಕೊನೆಗೆ ಅಯ್ಯಾವು ತಾತ ಕುರ್ಚಿಯಿಂದ ಎದ್ದರು. "ಅದಕ್ಕೇ ಅವನು ಆವತ್ತು ಒಳಗೆ ಬರಲಿಲ್ಲ" ಅಂದ್ರು, ತಮಗೆ ತಾವೇ ಹೇಳ್ಕೊಂಡ ಹಾಗೆ. ಯಾರ ಸಹಾಯಾನೂ ತಗೊಳ್ಳದೆ ನಡೆದು ಹೋಗಿ ತಮ್ಮ ಕೈಯಾರೆ ಹಗ್ಗ ಎತ್ತಿ ಹಿಡಿದ್ರು. ದುರೈಯನ್ನ ಬಾ ಅಂದ್ರು. ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ, ಕಟ್ಟು ನನಗೂ ಗೊತ್ತು. ಪೊರಕೆಯನ್ನ ಕಂಬಕ್ಕೆ ಒರಗಿಸಿ ಹೊರಟೆ.

ತಾತ ಎತ್ತಿ ಹಿಡಿದ ಆ ಹಗ್ಗದ ಕೆಳಗೇ ನಾವಿಬ್ಬರೂ ಎದುರಾದ್ವಿ. ಅವನ ಕಣ್ಣಲ್ಲಿ ನೀರಿತ್ತು, ಕೋಪಾನೂ ಇತ್ತು. "ಆರ್ಡರ್ ಕೊಟ್ಟಿದ್ದೆ" ಅಂದ.

"ನಾನೇನು ನಿನ್ನ ಪಟ್ಟಾಳದವಳಾ?" ಅಂದೆ.

ಮಾರನೇ ಬೆಳಗ್ಗೆ ಐದಕ್ಕೆ ಅಭ್ಯಾಸ ಬಲದಿಂದ ಕಾಲು ತೊಳುವಿನ ಕಡೆಗೇ ಹೋಯ್ತು. ಹಗ್ಗದ ಆಚೆ ನಿಂತೆ. ಒಳಗೆ ದುರೈ ನನ್ನ ಪೊರಕೆ ಹಿಡಿದು ಗುಡಿಸ್ತಿದ್ದ. ನಮ್ಮಲ್ಲಿ ಗಂಡಸರು ಗುಡಿಸೋದಿಲ್ಲ, ಅದೂ ಎರಡು ಸಲ ಎಮ್ಮೆಲ್ಲೆ ಆದವನು. ನಾಲ್ಕು ಬೀಸು ಗುಡಿಸಿ ಪೊರಕೆ ಮೇಲೆ ಒರಗಿ ಉಸಿರು ತಗೊಂಡು ಮತ್ತೆ ನಾಲ್ಕು ಬೀಸು. ಪಟ್ಟಾಳದವನ ಗುಡಿಸುವಿಕೆ, ಗೆರೆ ಎಳೆದ ಹಾಗೆ ನೇರ. "ಆ ಮೂಲೆ ಬಿಟ್ಟೆ ನೋಡೋ" ಅಂತ ನಾನು ಆಚೆಯಿಂದ ಕೂಗಿದೆ. ಅವನು ತಿರುಗಿ ನೋಡದೆ ಆ ಮೂಲೆಗೆ ಹೋದ.

ಈಗ ದಿನಾ ಹಂಗೇ. ಮನೋಜ್ ಗೆಲ್ತಾನೋ ಸೋಲ್ತಾನೋ ಇನ್ನೂ ಗೊತ್ತಿಲ್ಲ. ಡಾಕ್ಟರಮ್ಮ ಮಾತ್ರ, ಮೆಲ್ಲಗೆ ಗುಡಿಸೋದು ಒಳ್ಳೇದೇ ಅಂದಿದ್ದಾರೆ. ಕಸವನ್ನ ನಾನು ಯಾವತ್ತೂ ಗೊಬ್ಬರದ ಗುಂಡಿ ಕಡೆಗೆ ತಳ್ತಿದ್ದೆ, ಎಲ್ಲರೂ ಹಂಗೇ ಮಾಡೋದು. ಇವನು ಎಲ್ಲ ಗುಡಿಸಿ ತಂದು ಹಗ್ಗದ ಹತ್ರ ಗುಡ್ಡೆ ಹಾಕ್ತಾನೆ. ಕೊನೇ ಬೀಸಿಗೆ ತೊಳುವಿನ ಮಣ್ಣು ಹಗ್ಗದ ಕೆಳಗಿಂದ ಈಚೆ ನನ್ನ ಕಾಲ ಹತ್ರಕ್ಕೆ ಬಂದು ಬೀಳುತ್ತೆ. ಅವನು ನನ್ನ ಮುಖ ನೋಡಲ್ಲ, ನಾನೂ ಅವನ ಮುಖ ನೋಡಲ್ಲ. ಇದು ಕಟ್ಟಿಗೆ ಒಪ್ಪುತ್ತೋ ಇಲ್ವೋ, ಅಯ್ಯಾವು ತಾತನ್ನ ನಾವು ಕೇಳಿಲ್ಲ. ಬಗ್ಗಿ ಒಂದು ಚಿಟಿಕೆ ತಗೊಂಡು ಸೆರಗಿನ ತುದೀಲಿ ಗಂಟು ಹಾಕ್ಕೊಂಡು ಮನೆಗೆ ಬರ್ತೀನಿ.